ಗಿಲಿಗಿಚ್ಚಿ ಗಿಡಕ್ಕೆ ಬಂದ ನೆಂಟರು

‘ಮೇಷ್ಟ್ರೇ, ನಮ್ ಹೊಲ್ದಲ್ಲಿ ಗಿಡದ ಎಲೆಯೇ ಕಾಣ್ದಂಗೆ ಚಿಟ್ಟೆ ಕೂತವೆ. ನಾಳಿದ್ದು ಉಳ್ತೀನಿ. ನೋಡೋದಾದ್ರೆ ನಾಳೆ ಬೆಳಿಗ್ಗೆನೇ ಬನ್ನಿ.’

ಯಳಂದೂರಿನ ಸಂತೆಯಲ್ಲಿ ಸಿಕ್ಕ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಹೀಗೆಂದಾಗ ಅಕ್ಟೋಬರ್ ಕೊನೆಯ ವಾರ. ಮರುದಿನ ಭಾನುವಾರ. ಒಂಬತ್ತನೇ ತರಗತಿಯ ಎಂಟು ಮಕ್ಕಳೊಡನೆ ಹೊರಟೆ. ‘ಇದು ಪರೀಕ್ಷೆಗೆ ಬರುತ್ತಾ ಸಾರ್?’ ಎಂದು ಒಬ್ಬ ತಾಯಿ ಬಾಗಿಲಲ್ಲೇ ಕೇಳಿದರು. ‘ಬರೋದಿಲ್ಲಮ್ಮ’ ಎಂದೆ. ಆದರೂ ಮಗಳನ್ನು ಕಳುಹಿಸಿದರು.

ಬಿಳಿಗಿರಿರಂಗನ ಬೆಟ್ಟದ ಪಡುವಣ ತಪ್ಪಲಿನ ಆ ಹೊಲ ಮುಂಗಾರಿನಲ್ಲಿ ಬಿತ್ತದೆ ಬಿಟ್ಟದ್ದು. ತುಂಬ ಗಿಲಿಗಿಚ್ಚಿ ಬೆಳೆದಿತ್ತು. ಒಣಗಿದ ಕಾಯಿ ಅಲ್ಲಾಡಿಸಿದರೆ ಗಿಲಿಗಿಲಿ ಸದ್ದು ಮಾಡುವ, ಹಳದಿ ಹೂವಿನ, ಸೆಣಬಿನ ಜಾತಿಯ ಗಿಡ ಅದು. ನಾವು ಹೋದಾಗ ಗಿಡಗಳಲ್ಲಿ ಕಪ್ಪು ಎಲೆ ಬಿಟ್ಟಂತೆ ಕಾಣುತ್ತಿತ್ತು. ಬಿಸಿಲು ಬೆಟ್ಟ ದಾಟಿ ಹೊಲಕ್ಕೆ ಬಿದ್ದೊಡನೆ ಆ ಎಲೆಗಳು ಒಂದೊಂದಾಗಿ ರೆಕ್ಕೆ ಬಿಚ್ಚಿದವು. ಚಿಟ್ಟೆಗಳಿಗೆ ನಮ್ಮಂತೆ ಮೈಶಾಖವಿಲ್ಲ. ಬಿಸಿಲು ಕಾಯಿಸಿಕೊಂಡ ಮೇಲೆಯೇ ಹಾರಾಟ. ಒಂದು ಗಿಡದಲ್ಲಿದ್ದವನ್ನು ಎಣಿಸಲು ಹೊರಟ ಹುಡುಗರು ನೂರು ದಾಟುವಷ್ಟರಲ್ಲಿ ಲೆಕ್ಕ ತಪ್ಪಿದರು.

ಕಪ್ಪು ರೆಕ್ಕೆಯ ಮೇಲೆ ತಿಳಿನೀಲಿ ಮಚ್ಚೆಗಳಿದ್ದವು ‘ಡಾರ್ಕ್ ಬ್ಲೂ ಟೈಗರ್’; ಕಂದುಗಪ್ಪು ರೆಕ್ಕೆಯ ಅಂಚಿಗೆ ಬಿಳಿ ಚುಕ್ಕಿಯಿದ್ದವು ‘ಕಾಮನ್ ಕ್ರೋ’. ರೆಕ್ಕೆ ಬಿಚ್ಚಿದರೆ ಸುಮಾರು 9 ಸೆಂ.ಮೀ. ಅಗಲ. ಮೆಕ್ಸಿಕೋದ ಬೆಟ್ಟಗಳಲ್ಲಿ ಚಳಿಗಾಲ ಕಳೆಯುವ ಮೊನಾರ್ಕ್ ಚಿಟ್ಟೆಗಳ ತಾಣವನ್ನು ವಿಜ್ಞಾನಲೋಕ ಕಂಡದ್ದು 1975ರ ಜನವರಿಯಲ್ಲಿ. ಆ ಕಥೆಯನ್ನು ವರ್ಷ ವರ್ಷ ಪಾಠ ಮಾಡಿದ ನಾನು, ಮೊನಾರ್ಕ್‌ನ ಈ ಹತ್ತಿರದ ಬಂಧುಗಳು ನಮ್ಮ ಹೊಲದ ಮೇಲೆಯೇ ವಲಸೆ ಹೋಗುವುದನ್ನು ಬಹುಕಾಲ ಗಮನಿಸಿರಲಿಲ್ಲ.

ಮುಂಗಾರು ಶುರುವಾಗುವ ಹೊತ್ತಿಗೆ ಇವು ಪಶ್ಚಿಮಘಟ್ಟ ಬಿಟ್ಟು ಮೂಡಣ ಬಯಲಿಗೂ ಪೂರ್ವಘಟ್ಟಕ್ಕೂ ಹೋಗುತ್ತವೆ. ಘಟ್ಟದ ಬಿಡದ ಮಳೆಯಿಂದ ತಪ್ಪಿಸಿಕೊಳ್ಳಲು ಹೋಗುತ್ತವೆಂಬುದು ತಿಳಿದವರ ಊಹೆ. ಮಳೆ ಇಳಿದ ಮೇಲೆ ಅಕ್ಟೋಬರ್, ನವೆಂಬರ್‌ನಲ್ಲಿ ಪಡುವಣಕ್ಕೆ ಮರಳುತ್ತವೆ. ದಕ್ಷಿಣ ಭಾರತದ ಈ ವಲಸೆಯ ಬಗ್ಗೆ ಕೃಷ್ಣಮೇಘ ಕುಂಟೆ ಅವರು 2005ರಲ್ಲಿ ವಿವರವಾಗಿ ಬರೆದಿದ್ದಾರೆ. ಹೋದ ಚಿಟ್ಟೆಯೇ ಮರಳಿ ಬರುತ್ತದೆಂದು ತಿಳಿಯಬೇಡಿ. ಬರುವುದು ಅದರ ಮಕ್ಕಳು, ಮೊಮ್ಮಕ್ಕಳು. ದಾರಿ ತೋರಿಸುವ ಹಿರಿಯರಿಲ್ಲ, ಆದರೂ ದಿಕ್ಕು ತಪ್ಪುವುದಿಲ್ಲ!

‘ಸಾರ್, ಇವು ಹೂವಿನ ಮೇಲೆ ಕೂತೇ ಇಲ್ಲ’ ಎಂದಳು ಆ ತಾಯಿಯ ಮಗಳು. ಸರಿಯಾಗಿ ಕಂಡಿದ್ದಳು. ಅವು ಒಣಗಿದ ಎಲೆ, ಮುರಿದ ಕಾಂಡಗಳಿಗೆ ಮುತ್ತಿದ್ದವು. ಗಿಲಿಗಿಚ್ಚಿಯಲ್ಲಿ ಆಲ್ಕಲಾಯ್ಡ್ ಎಂಬ ಕಹಿ ವಿಷವಿದೆ. ಚಿಟ್ಟೆ ಎಲೆಯನ್ನು ಕಾಲಿನಿಂದ ಕೆರೆದು, ಸೊಂಡಿಲಿನಿಂದ ತೇವ ಮಾಡಿ ಅದನ್ನು ಹೀರುತ್ತದೆ. ಹೀರಿದ ವಿಷ ತಿನ್ನಬಂದ ಹಕ್ಕಿ, ಜೇಡಗಳಿಂದ ಕಾಯುತ್ತದೆ. ಹೆಣ್ಣನ್ನು ಒಲಿಸುವ ಸುಗಂಧಕ್ಕೂ ಗಂಡುಗಳಿಗೆ ಅದೇ ಕಚ್ಚಾವಸ್ತು. ಹಾಗಾಗಿ ಇಲ್ಲಿ ನೆರೆಯುವುದು ಹೆಚ್ಚಾಗಿ ಗಂಡುಗಳೇ.

ಆ ಹುಡುಗಿಯ ಮಾತು ಕೇಳಿ ನನಗೆ ಒಳಗೇ ನಾಚಿಕೆಯಾಯಿತು. ಮೊದಲೆಲ್ಲ ನಾನು ವಿಜ್ಞಾನ ಪ್ರದರ್ಶನಕ್ಕೆಂದು ಮಕ್ಕಳಿಂದ ಚಿಟ್ಟೆ ಹಿಡಿಸಿ, ಗುಂಡುಸೂಜಿ ಚುಚ್ಚಿ ಪೆಟ್ಟಿಗೆಯಲ್ಲಿ ಜೋಡಿಸುತ್ತಿದ್ದೆ. ಒಮ್ಮೆ ಬಹುಮಾನವೂ ಬಂತು. ಮುಂದಿನ ಮಳೆಗಾಲಕ್ಕೆ ಪೆಟ್ಟಿಗೆಗೆ ಬೂಷ್ಟು ಹಿಡಿದು ಇರುವೆ ಮುತ್ತಿತು. ಅಷ್ಟು ಚಿಟ್ಟೆಗಳಿದ್ದರೂ ಅವು ಏನು ತಿನ್ನುತ್ತವೆ, ಎತ್ತ ಹೋಗುತ್ತವೆ ಎಂದು ಒಂದು ಮಗುವೂ ಕೇಳಲಿಲ್ಲ. ಕೇಳುವ ಅವಕಾಶವನ್ನು ನಾನು ಕೊಟ್ಟಿರಲೂ ಇಲ್ಲ.

ಉಳುಮೆ ಒಂದು ವಾರ ತಡೆಯಬಹುದೇ ಎಂದು ರೈತರನ್ನು ಕೇಳಿದೆ. ‘ಹದ ಕಾಯಲ್ಲ ಮೇಷ್ಟ್ರೇ. ಹುರುಳಿ ಬಿತ್ಬೇಕು’ ಎಂದರು. ಅವರ ಮಾತೂ ನ್ಯಾಯವೇ. ಗಿಲಿಗಿಚ್ಚಿಯ ಬೇರುಗಂಟುಗಳು ಗಾಳಿಯ ಸಾರಜನಕವನ್ನು ನೆಲಕ್ಕೆ ಕೂಡಿಸುತ್ತವೆ, ಬದುವಿನ ಗಿಡಗಳಿಗಾದರೂ ಕಳೆನಾಶಕ ಹೊಡೆಯಬೇಡಿ ಎಂದೆ. ಸ್ವಲ್ಪ ಯೋಚಿಸಿ, ‘ಬದಿಂದು ಇರ್ಲಿ ಬುಡಿ’ ಎಂದರು.

ಎರಡು ದಿನ ಬಿಟ್ಟು ಮತ್ತೆ ಹೋದೆ. ಹೊಲ ಉತ್ತಾಗಿತ್ತು. ಚಿಟ್ಟೆಗಳೆಲ್ಲ ಹೋಗಿರಬೇಕೆಂದುಕೊಂಡರೆ, ಕಿತ್ತು ರಾಶಿ ಹಾಕಿದ ಬಾಡಿದ ಗಿಡಗಳ ಮೇಲೆ ಅವು ಇನ್ನೂ ದಟ್ಟವಾಗಿದ್ದವು! ಗಾಯಗೊಂಡ, ಬಾಡಿದ ಗಿಡದಿಂದ ರಸ ಸುಲಭವಾಗಿ ಸಿಗುತ್ತದಲ್ಲ. ಆದರೆ ಇದು ಕಡೆಯ ಊಟ. ಬರುವ ವರ್ಷ ಬರುವವುಗಳಿಗೆ ಉಳಿದದ್ದು ಬದುವಿನ ಬೀಜ ಮಾತ್ರ.

ಮಕ್ಕಳೇ, ಅಕ್ಟೋಬರ್, ನವೆಂಬರ್‌ನ ಬಿಸಿಲಿನ ಬೆಳಿಗ್ಗೆ ಎಂಟರಿಂದ ಹತ್ತರೊಳಗೆ ಗಿಲಿಗಿಚ್ಚಿ ಇರುವ ಹೊಲಕ್ಕೆ ಹೋಗಿ. ಒಂದು ರೆಂಬೆ ಮುರಿದು ಬಾಡಲು ಬಿಟ್ಟು, ಮರುದಿನ ಯಾರು ಬಂದಿದ್ದಾರೆ ನೋಡಿ. ಒಂದು ಕಡೆ ನಿಂತು ಹತ್ತು ನಿಮಿಷದಲ್ಲಿ ಎಷ್ಟು ಹಾರಿದವು, ಯಾವ ದಿಕ್ಕಿಗೆ ಎಂದು ಬರೆದಿಡಿ. ಹಿಡಿಯಬೇಡಿ. ಹಾರುವಾಗ ಇವು ರಸ್ತೆಯ ವಾಹನಗಳಿಗೆ ಸಿಕ್ಕಿ ಸಾಯುವುದೇ ಸಾಕಷ್ಟಿದೆ. ತಂದೆತಾಯಿಯರೇ, ಇದಕ್ಕೆ ಅಂಕವಿಲ್ಲ. ದಯವಿಟ್ಟು ಒಂದು ಭಾನುವಾರ ಕೊಡಿ.

ನಮ್ಮ ಹುಡುಗಿಯ ನೋಟ್‌ಬುಕ್ಕಿನ ಕೊನೆಯ ಸಾಲು ಹೀಗಿದೆ: ‘ಎಲ್ಲವೂ ಪಡುವಲಿಗೆ ಹೋದವು. ಮುಂದಿನ ವರ್ಷ ಬದು ನೋಡಬೇಕು.’