ವರ್ತಕ ನಗರದಿಂದ ಲ್ಯಾಮಿಂಗ್ಟನ್ ರೋಡಿಗೆ

ವರ್ತಕ ನಗರವೆಂಬ ಹೆಸರನ್ನು ಕೇಳಿದ ಕನ್ನಡಿಗನಿಗೆ ಅಲ್ಲಿ ವ್ಯಾಪಾರಿಗಳೇ ತುಂಬಿರಬೇಕೆಂದು ತೋರುವುದು ಸಹಜ. ‘ಏನಪಾ, ಸಾಹುಕಾರರ ಊರು ಸೇರಿಯಂತ!’ ಎಂದು ಧಾರವಾಡದ ನೆಂಟರು ನನ್ನನ್ನು ಹಾಸ್ಯ ಮಾಡಿದ್ದುಂಟು. ಮರಾಠಿಯಲ್ಲಿ ವರ್ತಕ ಎಂಬುದು ಒಂದು ಮನೆತನದ ಹೆಸರು. ಥಾಣೆಯ ಪಶ್ಚಿಮ ಭಾಗದಲ್ಲಿ, ಪೋಖರಣ ರಸ್ತೆಯ ಮಗ್ಗುಲಿಗಿರುವ ನಮ್ಮ ವರ್ತಕ ನಗರದಲ್ಲಿ ವರ್ತಕರಿಗಿಂತ ನನ್ನಂಥ ಗುಮಾಸ್ತರಿಗೇ ನೆಲೆ ಹೆಚ್ಚು. ಹೌಸಿಂಗ್ ಬೋರ್ಡಿನ ಹಳೆಯ ಕಟ್ಟಡಗಳು, ಸಾಯಿಬಾಬಾ ಮಂದಿರ, ಗುರುವಾರದ ಹೂವಿನ ಗದ್ದಲ. ಸ್ವಲ್ಪ ಮುಂದೆ ನಡೆದರೆ ಉಪವನ ಕೆರೆ, ಅದರಾಚೆ ಯೇವೂರಿನ ಹಸಿರು ಗುಡ್ಡ. ಹಿಂದೆ ರೇಮಂಡ್ ಗಿರಣಿ ಇದ್ದ ನೆಲದಲ್ಲಿ ಈಗ ಮುಗಿಲೆತ್ತರದ ಮನೆಗಳು. ಹೀಗಾಗಿ ಇಲ್ಲಿ ಕೇಳಿದ್ದು ಸಿಕ್ಕದೆ ಹೋಗುವುದು ಅಪರೂಪ. ಆದರೆ ಹೆಬ್ಬೆರಳ ಗಾತ್ರದ ಒಂದು ಕೆಪಾಸಿಟರು ಮತ್ತು ಮೂರು ಕಾಲಿನ ಒಂದು ಕರಿಯ ತುಣುಕು ನನಗೆ ಇಲ್ಲಿ ಸಿಕ್ಕಲಿಲ್ಲ. ಅವುಗಳಿಗಾಗಿ ಎರಡು ಶನಿವಾರ ಮುಂಬಯಿಗೆ ಅಲೆದ ಕಥೆ ಇದು.

ನಮ್ಮ ಮನೆಯಲ್ಲಿ ಒಂದು ಇಲೆಕ್ಟ್ರಾನಿಕ್ ತಂಬೂರಿ ಇದೆ. ಈ ವಾದ್ಯವನ್ನು 1979ರಲ್ಲಿ ರೂಪಿಸಿದವರು ಬೆಂಗಳೂರಿನ ಜಿ. ರಾಜ್‌ನಾರಾಯಣ್, ಇಂಜಿನಿಯರರೂ ಹೌದು, ಕೊಳಲು ವಾದಕರೂ ಹೌದು. ನಾಲ್ಕು ತಂತಿಯ ದೊಡ್ಡ ತಂಬೂರಿಯನ್ನು ಹೊತ್ತು ತಿರುಗಲಾರದ ಹಾಡುಗಾರರಿಗೆ ಅದು ವರವಾಯಿತು. ನಮ್ಮ ಮನೆಯದನ್ನು ಸುಮಾರು ಮೂವತ್ತು ವರ್ಷಗಳ ಹಿಂದೆ ನಮ್ಮ ತಂದೆ ಬೆಂಗಳೂರಿನಿಂದ ಅವ್ವನಿಗಾಗಿ ತಂದರು. ಅವ್ವನ ಶ್ರುತಿಗೆ ಗುಂಡಿ ಎಲ್ಲಿ ನಿಲ್ಲಬೇಕೋ ಅಲ್ಲಿ ಕೆಂಪು ಬಣ್ಣದ ಒಂದು ಚುಕ್ಕೆಯನ್ನೂ ಅವರೇ ಇಟ್ಟರು. ತಂದೆ ತೀರಿಕೊಂಡ ಮೇಲೆ ಅವ್ವ ಧಾರವಾಡದ ಮನೆ ಬಿಟ್ಟು ನಮ್ಮಲ್ಲಿಗೆ ಬಂದಳು. ಜೊತೆಗೆ ತಂಬೂರಿಯೂ ಬಂತು. ಸಂಜೆ ನೆರೆಮನೆಯ ನಾಲ್ಕಾರು ಮಕ್ಕಳು ಬಂದು ಕೂತು ದಾಸರ ಪದಗಳನ್ನು ಕಲಿಯತೊಡಗಿದರು.

ಕಳೆದ ಮಳೆಗಾಲದಲ್ಲಿ ಅದರ ಸ್ವರದ ಕೆಳಗೆ ‘ಗುಂಯ್’ ಎಂಬ ಒಂದು ಕೆಟ್ಟ ಸದ್ದು ಸೇರಿಕೊಂಡಿತು. ಒಂದು ವಾರದ ತರುವಾಯ ತಂಬೂರಿ ಪೂರಾ ಮೌನವಾಯಿತು. ನಾನು ಮೊಬೈಲಿನಲ್ಲಿ ತಂಬೂರಿಯ ಆ್ಯಪನ್ನು ಹಾಕಿಕೊಟ್ಟೆ. ಅವ್ವ ಎರಡು ದಿನ ನೋಡಿದಳು. ‘ಹಾಡೋ ಹೊತ್ತಿಗೆ ಫೋನ್ ಬಂದ್ರ ಶ್ರುತಿ ನಿಂದರತದ, ಇದೇನು ತಂಬೂರಿನೋ!’ ಎಂದು ಮೊಬೈಲನ್ನು ತಿರುಗಿ ನನ್ನ ಕೈಗಿತ್ತಳು. ಮಕ್ಕಳು ಬರುವುದು ನಿಂತಿತು. ಅವ್ವ ಸಂಜೆ ಕಿಟಕಿಯ ಬಳಿ ಸುಮ್ಮನೆ ಕೂಡತೊಡಗಿದಳು. ಹೊಸದನ್ನು ಕೊಳ್ಳೋಣವೆಂದರೆ ಒಪ್ಪಲಿಲ್ಲ. ಕಾರಣವನ್ನು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಮ್ಮ ಹಿಂದಿನ ಕಟ್ಟಡದಲ್ಲಿ ಕುಂದಾಪುರದ ಕಡೆಯ ಹಿರಿಯರೊಬ್ಬರಿದ್ದಾರೆ. ಹಿಂದೆ ಟೀವಿ ರಿಪೇರಿಯ ಅಂಗಡಿ ಇಟ್ಟಿದ್ದವರು. ಈಗ ಆ ಅಂಗಡಿಯಲ್ಲಿ ಮೊಬೈಲಿನ ಗಾಜು ಹಾಕುತ್ತಾರೆ. ಮಕ್ಕಳಿಗೆಲ್ಲ ಅವರು ‘ಟೀವಿ ಮಾಮ’. ತಂಬೂರಿಯ ಬೆನ್ನು ಬಿಚ್ಚಿ ಮೀಟರಿನ ಸೂಜಿ ಇಟ್ಟು ನೋಡಿ, ‘ಎಂತದೂ ಆಗ್ಲಿಲ್ಲ ಮಾರಾಯ್ರೇ, ಹಾಡುವ ಭಾಗ ಸರಿ ಉಂಟು. ಅದಕ್ಕೆ ಊಟ ಹಾಕುವ ಪವರ್ ಸಪ್ಲೈ ಹೋಗಿದೆ, ಅಷ್ಟೇ’ ಎಂದರು.

ಆ ಊಟದ ವ್ಯವಸ್ಥೆಯನ್ನು ಅವರು ವಿವರಿಸಿದ್ದನ್ನು ಓದುಗರಿಗೂ ಹೇಳುತ್ತೇನೆ. ಗೋಡೆಯಿಂದ ಬರುವ 230 ವೋಲ್ಟನ್ನು ಟ್ರಾನ್ಸ್‌ಫಾರ್ಮರು 15ಕ್ಕೆ ಇಳಿಸುತ್ತದೆ. ಹಿಂದೆ ಮುಂದೆ ತೂಗಾಡುವ ಆ ವಿದ್ಯುತ್ತನ್ನು ನಾಲ್ಕು ಡಯೋಡುಗಳು ಒಂದೇ ದಿಕ್ಕಿಗೆ ತಿರುಗಿಸುತ್ತವೆ. ಆದರೂ ಅದು ಅಲೆಅಲೆಯಾಗಿಯೇ ಇರುತ್ತದೆ. ಅದನ್ನು ಕೆರೆಯಂತೆ ಹಿಡಿದಿಟ್ಟು ಸಮನಾಗಿ ಬಿಡುವುದು ಕೆಪಾಸಿಟರಿನ ಕೆಲಸ. ಕೊನೆಗೆ ರೆಗ್ಯುಲೇಟರೆಂಬ ಮೂರು ಕಾಲಿನ ತುಣುಕು ತೂಗಿ ಅಳೆದು ಸರಿಯಾಗಿ 12 ವೋಲ್ಟನ್ನು ಬಡಿಸುತ್ತದೆ. ಕೆಪಾಸಿಟರಿನೊಳಗೆ ಅಲ್ಯೂಮಿನಿಯಮ್ ಹಾಳೆಗಳ ನಡುವೆ ಒಂದು ದ್ರವವಿರುತ್ತದೆ; ವರ್ಷಗಳುರುಳಿದಂತೆ ಅದು ಆರುತ್ತದೆ. ಸೆಕೆ ಹತ್ತು ಡಿಗ್ರಿ ಹೆಚ್ಚಿದರೆ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಕೆರೆ ಬತ್ತಿತು, ಅಲೆಗಳು ನೇರವಾಗಿ ನುಗ್ಗಿದವು. ಅದೇ ಆ ‘ಗುಂಯ್’. ಹಿಂದಿನಿಂದ ರೆಗ್ಯುಲೇಟರೂ ಹೋಯಿತು.

ಮಾಮನ ಮೊಣಕಾಲು ರೈಲು ಹತ್ತುವ ಸ್ಥಿತಿಯಲ್ಲಿಲ್ಲ. ಆದ್ದರಿಂದ ಬಿಡಿಭಾಗ ತರುವ ಕೆಲಸ ನನ್ನದಾಯಿತು. ಹೇಳಿದ್ದನ್ನು ಚೀಟಿಯಲ್ಲಿ ಬರೆದುಕೊಂಡೆ: ಕೆಪಾಸಿಟರ್ 1000 ಮೈಕ್ರೋಫ್ಯಾರಡ್, 25 ವೋಲ್ಟ್, ರೆಗ್ಯುಲೇಟರ್ 7812.

ಮೊದಲು ಥಾಣೆ ಸ್ಟೇಷನ್ನಿನ ಬಳಿಯ ಅಂಗಡಿಯೊಂದರಲ್ಲಿ ವಿಚಾರಿಸಿದೆ. ಅಲ್ಲಿ 16 ವೋಲ್ಟಿನ ಕೆಪಾಸಿಟರಿತ್ತು. ಒಂಬತ್ತು ವೋಲ್ಟು ಕಡಿಮೆಯಾದರೇನು, ನಡೆದೀತೆಂದು ತಂದೆ. ಮಾಮ ಅದನ್ನು ನೋಡಿ ನಕ್ಕರು. ‘ಹಾಕಿದ್ರೆ ಪಟಾಕಿ! 15 ವೋಲ್ಟ್ ತೂಗಾಡುವಾಗ ಅದರ ತುದಿ 21ರವರೆಗೆ ಏರ್ತದೆ. ಡಯೋಡು ಒಂದೂವರೆ ತಿಂದ್ರೂ 20ರ ಹತ್ತಿರ ಉಳೀತದೆ. 16ರದ್ದು ಅದನ್ನು ಹೇಗೆ ತಡೀತದೆ?’ ವೋಲ್ಟು ಹೆಚ್ಚಿದ್ದರೆ ಅಡ್ಡಿಯಿಲ್ಲ, ಕಡಿಮೆ ಇರಲೇಕೂಡದು. ಇದು ನಾನು ಕಲಿತ ಮೊದಲನೆಯ ಪಾಠ.

ಇಂಟರ್‌ನೆಟ್ಟಿನಲ್ಲಿ ನೋಡಿದೆ. ಬೇಕಾದದ್ದು ಒಂದು, ಕೊಡುವುದು ಹತ್ತರ ಪೊಟ್ಟಣ. ಮಾಲಿಗಿಂತ ಸಾಗಣೆಯ ವೆಚ್ಚವೇ ಹೆಚ್ಚು. ‘ಲ್ಯಾಮಿಂಗ್ಟನ್ ರೋಡಿಗೆ ಹೋಗಿ’ ಎಂದರು ಮಾಮ. ಆ ಪೇಟೆ ಭಾನುವಾರ ಬಹುಮಟ್ಟಿಗೆ ಬಾಗಿಲು ಹಾಕುತ್ತದೆ. ಹೀಗಾಗಿ ಶನಿವಾರವೇ ಗತಿ.

1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಬೋರಿಬಂದರಿನಿಂದ ನಮ್ಮ ಥಾಣೆಗೆ ಬಂತೆಂಬುದು ಇಲ್ಲಿಯವರ ಹೆಮ್ಮೆ. ಇಂದು ಅದೇ ಹಾದಿಯಲ್ಲಿ ನಿಲ್ಲಲು ಅಂಗೈಯಗಲ ಜಾಗ ದೊರೆತರೆ ಅದೇ ಹೆಮ್ಮೆ. ದಾದರಿನಲ್ಲಿಳಿದು, ಸೇತುವೆ ದಾಟಿ, ಪಶ್ಚಿಮ ರೈಲ್ವೆಯ ನಿಧಾನದ ಗಾಡಿ ಹಿಡಿದು ಗ್ರಾಂಟ್ ರೋಡಿನಲ್ಲಿ ಇಳಿಯಬೇಕು. ಪೂರ್ವಕ್ಕೆ ಐದಾರು ನಿಮಿಷ ನಡೆದರೆ ಲ್ಯಾಮಿಂಗ್ಟನ್ ರೋಡು. 1903ರಿಂದ 1907ರವರೆಗೆ ಮುಂಬಯಿಯ ಗವರ್ನರಾಗಿದ್ದ ಲಾರ್ಡ್ ಲ್ಯಾಮಿಂಗ್ಟನ್ನನ ಹೆಸರು ಅದಕ್ಕೆ. ಫಲಕದ ಮೇಲೆ ಡಾ. ದಾದಾಸಾಹೇಬ ಭಡಕಮಕರ ಮಾರ್ಗವೆಂದಿದ್ದರೂ ಜನರ ಬಾಯಿಂದ ಆ ಲಾಟಸಾಹೇಬ ಇಳಿದಿಲ್ಲ. ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ, 1975ರಲ್ಲಿ ತೆರೆಕಂಡ ‘ಶೋಲೆ’ ಐದು ವರ್ಷ ಓಡಿದ ಮಿನರ್ವಾ ಚಿತ್ರಮಂದಿರ ಇದ್ದದ್ದೂ ಇದೇ ರಸ್ತೆಯಲ್ಲಿ.

ಬೆಂಗಳೂರಿಗೆ ಎಸ್. ಪಿ. ರೋಡು, ಮದರಾಸಿಗೆ ರಿಚಿ ಸ್ಟ್ರೀಟು, ದಿಲ್ಲಿಗೆ ಲಜಪತರಾಯ್ ಮಾರ್ಕೆಟ್ಟು ಹೇಗೋ ಮುಂಬಯಿಗೆ ಈ ರಸ್ತೆ ಹಾಗೆ. ಮುಂಭಾಗದಲ್ಲಿ ಲ್ಯಾಪ್‌ಟಾಪು, ಕ್ಯಾಮೆರಾಗಳ ಥಳಕು. ಒಳಗಿನ ಓಣಿಗಳಲ್ಲಿ ನಿಜವಾದ ಪೇಟೆ. ಮಂಚದಗಲದ ಅಂಗಡಿ, ನೆಲದಿಂದ ಮಾಳಿಗೆಯವರೆಗೆ ಪುಟ್ಟ ಪುಟ್ಟ ಡಬ್ಬಿಗಳು, ಅವುಗಳ ಮೇಲೆ ಬರಿಯ ನಂಬರುಗಳು. ಇಲ್ಲಿ ವಸ್ತುವಿಗೆ ಹೆಸರಿಲ್ಲ, ನಂಬರೇ ಹೆಸರು. ಮೊದಲ ಶನಿವಾರ ನಾನು ಗತ್ತಿನಿಂದ ಚೀಟಿ ಚಾಚಿದೆ. ವೋಲ್ಟು ಹೆಚ್ಚಿದ್ದಷ್ಟೂ ಒಳ್ಳೆಯದೆಂಬ ಹೊಸ ಪಾಂಡಿತ್ಯದಿಂದ 63 ವೋಲ್ಟಿನ ಕೆಪಾಸಿಟರನ್ನೇ ಕೇಳಿ ತಂದೆ.

ಮಾಮ ಎರಡನ್ನೂ ಬದಿಗಿಟ್ಟರು. ವೋಲ್ಟು ಏರಿದಂತೆ ಕೆಪಾಸಿಟರಿನ ಮೈಯೂ ದಪ್ಪವಾಗುತ್ತದೆ. ತಂದದ್ದು ಹಾಕಿದರೆ ತಂಬೂರಿಯ ಬೆನ್ನು ಮುಚ್ಚುವಂತಿರಲಿಲ್ಲ. ರೆಗ್ಯುಲೇಟರಿನ ಮೇಲೆ ಭೂತಗನ್ನಡಿ ಹಿಡಿದರೆ 7912! ನೋಡಲು ಅವಳಿಜವಳಿ. ಆದರೆ 78 ಎಂದು ಆರಂಭವಾಗುವವು ಧನ ವೋಲ್ಟಿನವು, 79ರವು ಋಣದವು. ಕಾಲುಗಳ ಕ್ರಮವೂ ಬೇರೆ. ತಪ್ಪು ಅಂಗಡಿಯವನದಲ್ಲ. ಚೀಟಿ ತೆಗೆದು ನೋಡಿದೆ. ನನ್ನ ಎಂಟು ಯಾರ ಕಣ್ಣಿಗೂ ಒಂಬತ್ತೇ. ಇಡೀ ದಿನ ಅಂಕಿ ಬರೆದೇ ಅನ್ನ ತಿನ್ನುವ ಗುಮಾಸ್ತ ನಾನು! ಅವ್ವ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ‘ಇರ್ಲಿ ಬಿಡಪಾ, ಹೋತಂದ್ರ ಹೋತು’ ಎಂದು ಒಳಗೆ ಹೋದಳು. ಆ ಮಾತು ನನ್ನನ್ನು ಚುಚ್ಚಿದಷ್ಟು ಮಾಮನ ನಗೆ ಚುಚ್ಚಲಿಲ್ಲ.

ಮುಂದಿನ ಶನಿವಾರ ಮಾಮ ಸತ್ತ ಬಿಡಿಭಾಗಗಳೆರಡನ್ನೂ ಕಿತ್ತು, ಬೆಂಕಿಪೆಟ್ಟಿಗೆಯಲ್ಲಿ ಹಾಕಿ ನನ್ನ ಜೇಬಿಗಿಟ್ಟರು. ಅಂಗಡಿಯ ಗುಜರಾತಿ ಮುದುಕ ‘ಸ್ಯಾಂಪಲ್ ಲಾಯೇ?’ ಎಂದ. ಬೆಂಕಿಪೆಟ್ಟಿಗೆ ತೆರೆದೆ. ಅವನ ಮುಖವೇ ಬದಲಾಯಿತು. ನಾಡಿ ನೋಡುವ ವೈದ್ಯನಂತೆ ಕೆಪಾಸಿಟರನ್ನು ಬೆರಳಲ್ಲಿ ತಿರುಗಿಸಿ, ಉಬ್ಬಿದ ತಲೆ ಸವರಿ, ಕಾಲುಗಳ ಅಂತರವನ್ನು ಅಳೆದು, ಯಾವ ಯಂತ್ರದ್ದೆಂದು ಕೇಳಿದ. ತಂಬೂರಿ ಎಂದೆ. 35 ವೋಲ್ಟಿನದನ್ನು ಕೊಟ್ಟ, ಗಾತ್ರ ಹಳೆಯದರಷ್ಟೇ. 85 ಡಿಗ್ರಿ ತಡೆಯುವುದೂ ಇದೆ, 105ರದ್ದೂ ಇದೆ; ಮುಚ್ಚಿದ ಪೆಟ್ಟಿಗೆಯೊಳಗೆ 105ರದ್ದೇ ಬಾಳುತ್ತದೆಂದು ಅದನ್ನೇ ಆರಿಸಿದ. ಹಳೆಯ ಬೋರ್ಡಿನಿಂದ ಕಿತ್ತು ಹೊಸ ಅಂಗಿ ತೊಡಿಸಿದ ಮಾಲೂ ಪೇಟೆಯಲ್ಲಿ ಉಂಟಂತೆ. ಕಾಲಿನ ಮೇಲೆ ಬೆಸುಗೆಯ ಕಲೆ ಇದ್ದರೆ ಕೊಳ್ಳಬೇಡವೆಂದ. ಎರಡೂ ಸೇರಿ ಮೂವತ್ತು ರೂಪಾಯಿಯೊಳಗೆ ಮುಗಿಯಿತು. ಕೈ ಎತ್ತಿ ನಮಸ್ಕರಿಸಿ ಬಂದೆ.

ಆ ಸಂಜೆ ಮಾಮ ಬೆಸುಗೆ ಹಾಕಿದರು. ಕೆಪಾಸಿಟರಿನ ಧನ, ಋಣದ ಕಾಲುಗಳನ್ನು ಎರಡು ಸಲ ಪರೀಕ್ಷಿಸಿದರು. ಪ್ಲಗ್ಗು ಕಿತ್ತರೂ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರುತ್ತದೆ, ಬರಿಗೈಯಿಂದ ಮುಟ್ಟಬೇಡಿ ಎಂದು ನನ್ನನ್ನೂ ಮಗಳನ್ನೂ ದೂರ ನಿಲ್ಲಿಸಿದರು. ಸ್ವಿಚ್ಚು ಹಾಕಿದಾಗ ಮೀಟರು 12 ತೋರಿಸಿತು. ಮರುಗಳಿಗೆಯಲ್ಲಿ ಪಂಚಮ, ಷಡ್ಜ, ‘ಗುಂಯ್’ ಇಲ್ಲ.

ಅವ್ವ ಸೆರಗಿನಿಂದ ಧೂಳು ಒರೆಸಿ, ಗುಂಡಿಯನ್ನು ಕೆಂಪು ಚುಕ್ಕೆಗೆ ತಂದು ಹಾಡಲು ತೊಡಗಿದಳು. ಮೇಲಿನ ಸ್ವರಕ್ಕೆ ಹೋದಾಗ ದನಿ ಒಡೆಯಿತು. ನಿಲ್ಲಿಸಿದಳು. ತಂಬೂರಿ ಸರಿಯಾಗಲಿಲ್ಲವೇನೋ ಎಂದು ಮಾಮ ಮೀಟರಿಗೆ ಕೈಹಾಕಿದರು. ‘ಅದು ಛಲೋ ಅದ ರೀ, ನನ್ನ ದನಿ ಇಳದದ’ ಎಂದು ಅವ್ವ ಗುಂಡಿಯನ್ನು ತುಸು ಹಿಂದಕ್ಕೆ ತಿರುಗಿಸಿದಳು. ಈ ಸಲ ಪದ ಕೊನೆಯವರೆಗೂ ಸಾಗಿತು. ಬಾಗಿಲಲ್ಲಿ ನೆರೆಮನೆಯ ಮಕ್ಕಳಿಬ್ಬರು ಬಂದು ನಿಂತಿದ್ದರು.

ಹಾಡು ಮುಗಿದ ಮೇಲೆ ಅವ್ವ ನನ್ನನ್ನು ಕರೆದು, ‘ಇಲ್ಲೊಂದು ಚುಕ್ಕಿ ಇಡಪಾ, ನಾಳೆ ಹುಡುಕೋದು ಬ್ಯಾಡ’ ಎಂದಳು. ಮಗಳ ಉಗುರುಬಣ್ಣದ ಸೀಸೆ ತಂದು, ತಂದೆಯ ಚುಕ್ಕೆಯ ಪಕ್ಕದಲ್ಲಿ ಇನ್ನೊಂದನ್ನು ಇಟ್ಟೆ.