ಮೋಡ ನೋಡಿ ಗಾಳ ಹಾಕೋಣ

ಮಾರ್ಚ್ ಬಂತೆಂದರೆ ನಮ್ಮ ಯುವಕರಿಗೆ ಸೋಲಾಪುರದ ಬಳಿಯ ಹಿಪ್ಪರಗಾ ಕೆರೆಯ ನೆನಪು. 1871ರಲ್ಲಿ ಕಟ್ಟಿದ ಏಕರೂಖ ಕೆರೆ ಅದೇ. ಗಾಳ, ಎರೆಹುಳು, ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೊರಡುವುದು ರೂಢಿ.

ಒಂದು ಏಪ್ರಿಲ್ ಭಾನುವಾರ ಪೂಜೆಗಳು ಮುಗಿದು ಹೊರಡಲು ತಡವಾಯಿತು. ಮಧ್ಯಾಹ್ನ ಮೋಡ ಕಪ್ಪಾದರೂ, "ಫಾದರ್, ಇನ್ನೊಂದ್ ಮೀನ್ ಹಿಡದು ಹೋಗೂಣ್ರಿ" ಎಂದ ಹುಡುಗನಿಗೆ ನಾವೂ ಹೂಂ ಎಂದೆವು. ಅಷ್ಟರಲ್ಲೇ ಆಚೆ ದಡದ ಬೇವಿನ ಮರಕ್ಕೆ ಸಿಡಿಲು ಬಡಿಯಿತು. ಹುಡುಗನ ಕೈಯಲ್ಲಿ ಒದ್ದೆ ಕೋಲು! ಯಾರಿಗೂ ಏನೂ ಆಗಲಿಲ್ಲ. ಆದರೆ ಸಂಜೆ ಅವನ ತಾಯಿಯ ಮುಖ ನೋಡಲು ನಮಗೆ ಧೈರ್ಯ ಸಾಲಲಿಲ್ಲ. ಬೇಡವೆಂದು ಹೇಳಬೇಕಾದವರು ನಾವೇ ಆಗಿದ್ದೆವು.

ಈಗ ಹಿಂದಿನ ಸಂಜೆಯೇ ಹವಾಮಾನ ವಾರ್ತೆ ಕೇಳುತ್ತೇವೆ. ಬೇಸಿಗೆಯ ಗುಡುಗುಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆಯೇ. ಆದ್ದರಿಂದ ರಜೆಯ ದಿನ ನಸುಕಿನಲ್ಲಿ ಹೋಗಿ 10 ಗಂಟೆಗೆ ಮರಳುತ್ತೇವೆ. ಬಿಸಿಲೇರುವ ಮುನ್ನ ಮೀನೂ ದಡದ ಬಳಿ ಮೇಯುವುದುಂಟು. ಮಿಂಚು ಕಂಡು 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿ.ಮೀ. ಒಳಗಿದೆ ಎಂದರ್ಥ. ಕೂಡಲೇ ಗಾಳ ಬಿಟ್ಟು ಗಟ್ಟಿ ಕಟ್ಟಡ ಸೇರಬೇಕು, ಮರದಡಿ ನಿಲ್ಲಬಾರದು. ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಬರಬಾರದು.

ಬರಿಗೈಯಲ್ಲಿ ಬಂದ ದಿನಗಳೂ ಉಂಟು. ಹೋದ ಮಕ್ಕಳೆಲ್ಲ ಮನೆ ಸೇರಿದರೆ ನಮಗೆ ಅದೇ ತುಂಬಿದ ಬುಟ್ಟಿ.