ರಾಮನದುರ್ಗವನ್ನು ಮರಳಿ ಕಂಡುದು

ಕೂಡ್ಲಿಗಿಯ ಸೀಮೆಯಲ್ಲಿ ಚೈತ್ರ ವೈಶಾಖಗಳನ್ನು ಕಳೆದವರಿಗೆ ಬಿಸಿಲೆಂದರೇನೆಂಬುದನ್ನು ವಿವರಿಸಬೇಕಾದುದಿಲ್ಲ. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳವರೂ ಈ ವಿಷಯದಲ್ಲಿ ಸಮಾನದುಃಖಿಗಳೇ. ಬಾಗಿಲನ್ನು ಓರೆಮಾಡಿ, ನೆಲಕ್ಕೆ ನೀರು ಚಿಮುಕಿಸಿ, ಗಡಿಗೆಯ ನೀರು ಕುಡಿದು ಸಂಜೆಯನ್ನು ಕಾಯುವುದು ಇಲ್ಲಿಯವರು ತಲೆಮಾರುಗಳಿಂದ ಕಂಡುಕೊಂಡ ಉಪಾಯ. ಬಳ್ಳಾರಿಯ ದಂಡಿನಲ್ಲಿದ್ದ ಆಂಗ್ಲ ಸಿಪಾಯಿಗಳಿಗೆ ಈ ಉಪಾಯವು ಒಗ್ಗಲಿಲ್ಲ. ಅವರ ದೇಶದಲ್ಲಿ ವೈದ್ಯರು ರೋಗಿಗಳನ್ನು ಸಮುದ್ರತೀರಕ್ಕೆ ಕಳುಹಿಸುವ ವಾಡಿಕೆಯಿತ್ತು. ಬ್ರೈಟನ್, ಸ್ಕಾರ್‌ಬರೊ ಮೊದಲಾದ ಪಟ್ಟಣಗಳು ಹೆಸರಾದುದು ಅಲ್ಲಿಯ ಉಪ್ಪುಗಾಳಿಯ ಮಹಿಮೆಯಿಂದಲೇ. 1841ರಲ್ಲಿ ಲಂಡನ್ನಿನಿಂದ ಬ್ರೈಟನ್ನಿಗೆ ರೈಲು ಆದ ಮೇಲೆ ಬಡವರಿಗೂ ಆ ಗಾಳಿ ದೊರೆಯಹತ್ತಿತು. ಬಳ್ಳಾರಿಗೆ ಸಮುದ್ರವೆಲ್ಲಿಯದು? ಆದುದರಿಂದ ಅವರು ಬೆಟ್ಟವನ್ನು ಹುಡುಕಿದರು.

ಹಾಗೆ ಹುಡುಕಿದ ಬೆಟ್ಟವೇ ಸೊಂಡೂರಿನ ರಾಮನದುರ್ಗ. ಊರವರು ಅದನ್ನು ರಾಮಗಡವೆನ್ನುತ್ತಾರೆ; ಆಂಗ್ಲರ ನಾಲಿಗೆಯಲ್ಲಿ ಅದು ರಾಮಾಂಡ್ರೂಗ್ ಆಯಿತು. ಎತ್ತರ ಸುಮಾರು 3,200 ಅಡಿ. ನೆತ್ತಿಯ ಮೇಲೆ ಒಂದೂವರೆ ಮೈಲಿ ಉದ್ದದ ಬಯಲು. ಒಂದು ಹಳೆಯ ಕೋಟೆ, ಒಂದು ರಾಮದೇವರ ಗುಡಿ. ಬಳ್ಳಾರಿಯಿಂದ 38 ಮೈಲಿ. ವಿಕ್ಟೋರಿಯಾ ರಾಣಿಯು ಪಟ್ಟವೇರಿ ಹತ್ತು ವರ್ಷವಾಗುವ ಹೊತ್ತಿಗೆ ಸೊಂಡೂರಿನ ಅರಸರಾದ ವೆಂಕಟರಾವ್ ಘೋರ್ಪಡೆಯವರ ಒಪ್ಪಿಗೆಯ ಮೇಲೆ ಅಲ್ಲಿ ಸೈನಿಕರ ಆರೋಗ್ಯಧಾಮವು ಏರ್ಪಟ್ಟಿತು. ಬೆಟ್ಟವು ಸೊಂಡೂರಿನದಾಗಿಯೇ ಉಳಿಯಿತು. ಗಾಳಿ ಮಾತ್ರ ದಂಡಿನವರದಾಯಿತು. ಬ್ಯಾರಕುಗಳೂ ದೊರೆಗಳ ಬಂಗಲೆಗಳೂ ಎದ್ದವು, ಹೂದೋಟಗಳಾದವು. ಬಳ್ಳಾರಿಯ ದಂಡು ಕ್ಷೀಣಿಸಿದಂತೆ ಬೆಟ್ಟವೂ ಬರಿದಾಯಿತು. ಹೋದವರು ಗೋಡೆಗಳನ್ನೂ ಗೋರಿಗಳನ್ನೂ ಬಿಟ್ಟುಹೋದರು.

ಕೂಡ್ಲಿಗಿಯ ಕಡೆಯ ಒಂದು ಪ್ರೌಢಶಾಲೆಯಲ್ಲಿ ಸಂಸ್ಕೃತ ಪಂಡಿತರಾಗಿದ್ದು ಈಗ ವಿಶ್ರಾಂತರಾಗಿರುವವರೊಬ್ಬರು ಈ ಬೆಟ್ಟವನ್ನು ಎರಡು ಸಲ ಹತ್ತಿದ್ದಾರೆ. ಮೊದಲ ಸಲ 1984ರಲ್ಲಿ. ಆಗ ಅವರಿಗೆ ಇಪ್ಪತ್ತಾರು ವರ್ಷ. ಪಾಠಶಾಲೆಯಿಂದ ಹೊರಬಂದು ಬಹುಕಾಲವಾಗಿರಲಿಲ್ಲ. ಮೂವತ್ತು ಮಂದಿ ಹುಡುಗರನ್ನು ಕರೆದುಕೊಂಡು, ಬುತ್ತಿ ಕಟ್ಟಿಸಿಕೊಂಡು ಹೊರಟಿದ್ದರು. ಗುಡಿಯಲ್ಲಿ ನಮಸ್ಕಾರವಾಯಿತು, ಕೋಟೆಯಾಯಿತು; ಹಿಂದಿರುಗುವ ಹಾದಿಯಲ್ಲಿ ಆಂಗ್ಲರ ರುದ್ರಭೂಮಿ ಸಿಕ್ಕಿತು. ಅಕ್ಷರಗಳು ಸವೆದಿದ್ದ ಒಂದು ಸಣ್ಣ ಗೋರಿಯ ಮೇಲೆ ಎಂಟನೆಯ ತರಗತಿಯ ಹುಡುಗನೊಬ್ಬನು ಒಂದು ಹಿಡಿ ತಂಗಡಿ ಹೂವನ್ನು ತಂದಿಟ್ಟನು. ಪಂಡಿತರಿಗೆ ರೇಗಿತು. ಕೈಯಲ್ಲಿದ್ದ ಕೊಡೆಯ ತುದಿಯಿಂದ ಆ ಹೂವನ್ನು ನೆಲಕ್ಕೆ ತಳ್ಳಿ, ‘ಇವರಿಗೆ ಹೂವು ಬೇರೆ ಕೇಡು!’ ಎಂದರು. ಹುಡುಗನು ಹೆದರಿದನಾದರೂ, ‘ಇದು ಸಣ್ಣ ಕೂಸಿಂದು ಸಾರ್. ಕೂಸು ಏನು ಮಾಡಿತ್ತು?’ ಎಂದು ಕೇಳಿಯೇಬಿಟ್ಟನು. ಪಂಡಿತರು ಉತ್ತರ ಕೊಡಲಿಲ್ಲ; ಸಾಲಾಗಿ ನಡೆಯಿರೆಂದು ಎಲ್ಲರನ್ನೂ ಗದರಿಸಿದರು.

ಅವರ ಕೋಪಕ್ಕೆ ಬೇರಿಲ್ಲದೆ ಇರಲಿಲ್ಲ. ಧಾತು ಈಶ್ವರ ಸಂವತ್ಸರಗಳ ಬರಗಾಲದ, ಎಂದರೆ 1876ರಿಂದ 1878ರ ವರೆಗಿನ ಮಹಾಕ್ಷಾಮದ ಮಾತು ಅವರ ಮನೆಯಲ್ಲಿ ಅಜ್ಜಿಯ ಕಾಲದವರೆಗೂ ಹಸಿಯಾಗಿಯೇ ಇದ್ದಿತು. 1871ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಬಳ್ಳಾರಿ ಜಿಲ್ಲೆಯ ಜನರಲ್ಲಿ ಹತ್ತಿರ ಹತ್ತಿರ ಐದರಲ್ಲೊಂದು ಪಾಲು ಕಡಮೆಯಾಯಿತೆಂಬುದು ಸರಕಾರದ ಲೆಕ್ಕವೇ. ಅವರ ಮನೆತನದ ಒಂದು ಕವಲು ಆ ಎರಡು ವರ್ಷಗಳಲ್ಲಿ ಹೆಸರಿಲ್ಲದೆ ಹೋಯಿತು. ಕೆಳಗೆ ಜನರು ಕತ್ತಾಳೆಯ ಗೆಡ್ಡೆಯನ್ನು ಬೇಯಿಸಿ ತಿನ್ನುತ್ತಿದ್ದಾಗ ಮೇಲೆ ತಂಗಾಳಿಯಲ್ಲಿ ದೊರೆಗಳು ಕುಳಿತಿದ್ದರೆಂಬುದನ್ನು ಅಜ್ಜಿಯ ಬಾಯಿಂದ ಕೇಳಿ ಬೆಳೆದವರು ಬಂಗಲೆಯ ಗೋಡೆಯನ್ನು ಕಂಡು ಹಿಗ್ಗುವುದು ಸಾಧ್ಯವೆ? ಕಮಾನಿನ ಅಂದವನ್ನು ಹೊಗಳುವ ಪ್ರವಾಸಿಗಳು ಈ ಲೆಕ್ಕವನ್ನೂ ಒಮ್ಮೆ ನೋಡುವುದು ಒಳ್ಳೆಯದು.

ಆದರೂ ಹುಡುಗನ ಪ್ರಶ್ನೆಯು ಪಂಡಿತರನ್ನು ಬಿಡಲಿಲ್ಲ. ಅದಕ್ಕೆ ವಿಶೇಷ ಕಾರಣವೊಂದಿದ್ದಿತು. ರಾವಣನು ಬಿದ್ದ ಮೇಲೆ ಅವನ ಸಂಸ್ಕಾರಕ್ಕೆ ಹಿಂಜರಿದ ವಿಭೀಷಣನಿಗೆ, ಹಗೆಯೆಂಬುದು ಮರಣದವರೆಗೆ ಮಾತ್ರವೆಂದು ಶ್ರೀರಾಮನು ಬೋಧಿಸಿದ ಸಂದರ್ಭವು ವಾಲ್ಮೀಕಿಗಳಲ್ಲಿ ಬರುವುದಷ್ಟೆ. ವರ್ಷ ವರ್ಷವೂ ಅದನ್ನು ಹುಡುಗರಿಗೆ ಅವರು ಅನ್ವಯಸಹಿತವಾಗಿ ಹೇಳಬೇಕಾಗುತ್ತಿದ್ದಿತು. ಹೇಳುವಾಗಲೆಲ್ಲ ಕೊಡೆಯ ತುದಿಯೂ ಚೆದರಿದ ಹಳದಿ ಹೂವೂ ಕಣ್ಣೆದುರಿಗೆ ಬರುತ್ತಿದ್ದವು. ಅದೂ ರಾಮನ ಹೆಸರಿನ ಬೆಟ್ಟದಲ್ಲಿಯೇ ನಡೆದುದು!

ಕೆಲಸದಿಂದ ನಿವೃತ್ತರಾದ ಕೆಲವು ವರ್ಷಗಳ ಮೇಲೆ, ಕೊಟ್ಟೂರೇಶ್ವರನ ತೇರಿನ ದಿನ, ಜನಸಂದಣಿಯ ನಡುವೆ ಆ ಶಿಷ್ಯನು ಸಿಕ್ಕಿ ಕಾಲಿಗೆರಗಿದನು. ಈಗ ಅವನದು ಹಡಗಲಿಯ ಬಳಿ ಮಲ್ಲಿಗೆಯ ತೋಟ, ತಲೆ ನರೆತಿದೆ. ಪಂಡಿತರು ಅವನನ್ನು ಒಂದು ಅಂಗಡಿಯ ಮರೆಗೆ ಕರೆದುಕೊಂಡು ಹೋಗಿ, ಬಹಳ ಪ್ರಯಾಸದಿಂದ ಆ ಪ್ರಸ್ತಾಪವನ್ನೆತ್ತಿದರು. ಅವನು ಅರೆಗಳಿಗೆ ಯೋಚಿಸಿ, ‘ಹೂವಿಟ್ಟದ್ದು ನನಗೆ ನೆನಪೇ ಇಲ್ಲ ಗುರುಗಳೇ. ಅವತ್ತು ನನ್ನ ಬುತ್ತಿ ಚೆಲ್ಲಿಹೋಗಿತ್ತು, ನೀವು ನಿಮ್ಮ ಬುತ್ತಿಯೊಳಗಿನ ಹೋಳಿಗೆ ಅರ್ಧ ಕೊಟ್ಟಿರಿ, ಅದು ನೆನಪೈತಿ’ ಎಂದನು. ಹೋಳಿಗೆಯ ನೆನಪು ಪಂಡಿತರಿಗೆ ಲೇಶವೂ ಇರಲಿಲ್ಲ. ನಲವತ್ತು ವರ್ಷ ಹೊತ್ತ ಹೊರೆಯನ್ನು ಇಳಿಸಲು ಬಂದವರಿಗೆ ಅದನ್ನು ಪಡೆಯುವವನೇ ಇಲ್ಲವೆಂಬಂತಾಯಿತು.

ಅದಾದ ಒಂದು ವಾರದಲ್ಲಿ, ಮೊಮ್ಮಗಳನ್ನು ಜೊತೆಮಾಡಿಕೊಂಡು, ಬಾಡಿಗೆಯ ಕಾರಿನಲ್ಲಿ ಬಂಡ್ರಿಯ ಮೇಲೆ ಸೊಂಡೂರಿಗೆ ಹೊರಟರು. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಕೂಡ್ಲಿಗಿ ಒಂದು ಜಿಲ್ಲೆಗೂ ರಾಮಗಡ ಇನ್ನೊಂದು ಜಿಲ್ಲೆಗೂ ಸೇರಿವೆ. ಬೆಟ್ಟಕ್ಕೆ ಇದರ ಅರಿವಿದ್ದಂತೆ ಕಾಣಲಿಲ್ಲ. ಅರಿವಾದದ್ದು ಬೇರೆಯದರ ಪೆಟ್ಟು. ಆ ಬೆಟ್ಟಸಾಲಿನ ಕಬ್ಬಿಣದ ಅದಿರಿನ ಸಂಪತ್ತನ್ನು ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿಯು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಬರೆದಿಟ್ಟಿದ್ದನು. ಅದನ್ನು ಬಾಚಿಕೊಳ್ಳುವ ಆತುರವುಂಟಾದುದು 2000ದ ಈಚೆಗೆ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಗಣಿಗಳನ್ನು ನಿಲ್ಲಿಸಿ, ಅನಂತರ ಮಿತಿಯನ್ನು ಗೊತ್ತುಪಡಿಸಿ ಮತ್ತೆ ಬಿಟ್ಟಿತು. ಆ ನಡುವೆ ಸಾಲಿನಲ್ಲಿ ಕೆಲವು ಕಡೆ ಬೆಟ್ಟದ ಆಕಾರವೇ ಬದಲಾಗಿಹೋಗಿದೆ. 1984ರಲ್ಲಿ ಹುಡುಗರಿಗೆ ತೋರಿಸಿ ಹೆಸರು ಹೇಳಿದ್ದ ಒಂದು ಶಿಖರವನ್ನು ಪಂಡಿತರು ಎಷ್ಟು ಹುಡುಕಿದರೂ ಕಾಣಲಿಲ್ಲ. ದಾರಿಯ ಬದಿಯ ಗಿಡಗಳ ಎಲೆಗಳಿಗೆಲ್ಲ ಕುಂಕುಮ ಬಳಿದಂತೆ ಧೂಳು.

ಮೇಲೆ ಮಾತ್ರ ಅದೇ ಗಾಳಿ. ಮೊಮ್ಮಗಳು ಕೈಗಳನ್ನು ಚಾಚಿ ಓಡಿದಳು. ಬಂಗಲೆಗಳೆಂದರೆ ಈಗ ಮೊಳಕಾಲೆತ್ತರದ ಗೋಡೆಗಳು, ಅವುಗಳ ಬಿರುಕಿನಲ್ಲಿ ಅರಳಿಯ ಸಸಿಗಳು. ಗುಡಿಯಲ್ಲಿ ದೀಪವಿದ್ದಿತು. ದೇವರಿಗೆ ಕೈಮುಗಿದು, ದಾರಿ ಕೇಳಿಕೊಂಡು, ಲಂಟಾನದ ಮುಳ್ಳುಗಳನ್ನು ಕೊಡೆಯಿಂದಲೇ ಸರಿಸುತ್ತ ರುದ್ರಭೂಮಿಗೆ ಬಂದರು. ಕೂಡ್ಲಿಗಿಯಲ್ಲಿ ಗಾಂಧೀಜಿಯವರ ಚಿತಾಭಸ್ಮವನ್ನಿಟ್ಟ ಸ್ಮಾರಕದ ಅಂಗಳವನ್ನು ಗುಡಿಸಿ ಇಡುವುದನ್ನು ಕಂಡಿದ್ದ ಮೊಮ್ಮಗಳು, ‘ಇಲ್ಲಿ ಯಾರೂ ಕಸ ಹೊಡೆಯೋದಿಲ್ವಾ ತಾತಾ?’ ಎಂದಳು. ‘ಇವರ ಕಡೆಯವರು ದೂರದಲ್ಲಿದ್ದಾರೆ’ ಎಂದರು ಪಂಡಿತರು.

ಸಣ್ಣ ಗೋರಿಗಳು ಒಂದಲ್ಲ, ಮೂರಿದ್ದವು. ಹೆಸರಿನ ಕಲ್ಲುಗಳನ್ನು ಯಾರೋ ಎಬ್ಬಿಸಿಕೊಂಡು ಹೋಗಿದ್ದರು. ಗಾರೆ ಕಿತ್ತು ಇಟ್ಟಿಗೆ ಕಾಣುತ್ತಿದ್ದಿತು. ಅಂದು ಹುಡುಗನು ಹೂವಿಟ್ಟುದು ಯಾವುದರ ಮೇಲೆಂದು ಪಂಡಿತರಿಗೆ ನಿರ್ಧರಿಸಲಾಗಲಿಲ್ಲ. ಎಡಗಡೆಯದಿರಬಹುದೆಂದುಕೊಂಡರು, ಕೋಟೆಯ ಕಡೆಯಿಂದ ಬಂದಿದ್ದರೆ ಎಡವಲ್ಲ, ಬಲ. ಹಾದಿಯಲ್ಲಿ ಕೊಯ್ದ ತಂಗಡಿಯ ಗೊಂಚಲನ್ನು ಹಿಡಿದುಕೊಂಡೇ ಬಹಳ ಹೊತ್ತು ನಿಂತಿದ್ದರು. ಮೊಮ್ಮಗಳು ಬೇಸತ್ತು ಅದನ್ನು ಅವರ ಕೈಯಿಂದ ತೆಗೆದುಕೊಂಡು, ಮೂರು ಪಾಲುಮಾಡಿ ಮೂರಕ್ಕೂ ಇಟ್ಟಳು. ಮಿಕ್ಕ ಒಂದು ಹೂವನ್ನು ತನ್ನ ಜಡೆಗೆ ಸಿಕ್ಕಿಸಿಕೊಂಡಳು. ರುದ್ರಭೂಮಿಯ ಹೂವನ್ನು ಮುಡಿಯಬಾರದೆಂದು ಹೇಳಲು ಬಾಯಿ ತೆರೆದವರು ಸುಮ್ಮನಾದರು.

ಇಳಿಯುವಾಗ ಅದಿರಿನ ಲಾರಿಗಳ ಸಾಲು ಅಡ್ಡಬಂದು ಮುಕ್ಕಾಲು ತಾಸು ನಿಲ್ಲಬೇಕಾಯಿತು. ಮನೆಗೆ ಬಂದಾಗ ರಾತ್ರಿಯಾಗಿದ್ದಿತು. ಎಲ್ಲಿಗೆ ಹೋಗಿದ್ದರೆಂಬುದು ಮೊಮ್ಮಗಳ ಬಾಯಿಂದ ಮೊದಲೇ ಒಳಗೆ ತಿಳಿದಿದ್ದಿತು. ಪಂಡಿತರ ಪತ್ನಿಯು ಬಾಗಿಲಿಗೆ ಬಂದು, ‘ಹಾಗಾದರೆ ಸ್ನಾನವಾಗಬೇಕಲ್ಲ? ನೀರು ಕಾದಿದೆ’ ಎಂದಳು.

‘ಧೂಳಿಗೆ ಬೇಕು’ ಎಂದು ಹೇಳಿ ಪಂಡಿತರು ಪಂಚೆಯನ್ನು ತೆಗೆದುಕೊಂಡು ಬಚ್ಚಲಿಗೆ ನಡೆದರು.